ಪಾಠ ಫೋನಿಗೆ ಹೋಗಲಿ, ಬರವಣಿಗೆ ತರಗತಿಗೆ ಬರಲಿ

ಭಾರತೀನಗರ, ಮದ್ದೂರು, ಮಳವಳ್ಳಿ, ಮಂಡ್ಯದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ ಅಧ್ಯಾಪಕ ಮಿತ್ರರಿಗೆ ಮತ್ತು ಅತಿಥಿ ಉಪನ್ಯಾಸಕ ಬಂಧುಗಳಿಗೆ,

ನಮ್ಮ ಬಿ.ಕಾಂ., ಬಿ.ಬಿ.ಎ. ಮಕ್ಕಳು ಪರೀಕ್ಷೆಯಲ್ಲಿ ವಿಚಾರಣೆ ಪತ್ರ, ದೂರು ಪತ್ರ, ಕೆಲಸದ ಅರ್ಜಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಪಾಸಾಗುತ್ತಾರೆ. ಕೆಲವರಿಗೆ ಒಳ್ಳೆಯ ಅಂಕವೂ ಬರುತ್ತದೆ. ಆಮೇಲೆ ಬಿಡದಿಯ ಕಾರ್ಖಾನೆಯಲ್ಲೋ ಬೆಂಗಳೂರಿನ ಆಡಿಟರ್ ಆಫೀಸಿನಲ್ಲೋ ಸೇರಿಕೊಂಡು, ನಾಲ್ಕು ಸಾಲಿನ ಒಂದು ಮೇಲ್ ಕಳಿಸಬೇಕಾಗಿ ಬಂದಾಗ ಮೇಷ್ಟ್ರಿಗೆ ಫೋನ್ ಮಾಡುತ್ತಾರೆ. “ಸಾ, ಪಾರ್ಟಿ ಪೇಮೆಂಟ್ ಕೊಟ್ಟಿಲ್ವಂತೆ, ಕೇಳಿ ಮೇಲ್ ಹಾಕು ಅಂದವ್ರೆ. ಹೆಂಗ್ ಶುರು ಮಾಡ್ಲಿ?” ಈ ಫೋನು ನಿಮಗೂ ಬಂದಿರುತ್ತದೆ. ಹುಡುಗ ದಡ್ಡನಲ್ಲ. ಅದೇ ಪಾರ್ಟಿಗೆ ಕನ್ನಡದಲ್ಲಿ ಫೋನ್ ಮಾಡು ಎಂದರೆ ಮರ್ಯಾದೆಯೂ ಕೆಡದ ಹಾಗೆ, ದುಡ್ಡೂ ಬರುವ ಹಾಗೆ ಮಾತಾಡಬಲ್ಲ. ಬರೆಯುವುದನ್ನು ಮಾತ್ರ ಅವನು ನಮ್ಮ ಎದುರಿಗೆ ಒಮ್ಮೆಯೂ ಮಾಡಿಲ್ಲ.

ತರಗತಿಯಲ್ಲಿ ನಾವು ಮಾಡುತ್ತಿರುವುದೇನು ಎಂದು ಒಮ್ಮೆ ನೋಡಿ. ವಿಳಾಸ ಎಡಕ್ಕೋ ಬಲಕ್ಕೋ, ದಿನಾಂಕದ ಕೆಳಗೆ ಏನು, ‘ಯುವರ್ಸ್ ಫೇಯ್ತ್‌ಫುಲಿ’ ಯಾವಾಗ, ‘ಸಿನ್ಸಿಯರ್‌ಲಿ’ ಯಾವಾಗ ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಒಂದು ಮಾದರಿ ಪತ್ರ ಡಿಕ್ಟೇಟ್ ಮಾಡುತ್ತೇವೆ. ಬೆಲ್ ಹೊಡೆಯುತ್ತದೆ. “ಇದೇ ಥರ ಒಂದು ಪತ್ರ ಮನೇಲಿ ಬರ್ಕೊಂಡ್ ಬನ್ನಿ” ಎಂದು ಹೇಳಿ ಹೊರಡುತ್ತೇವೆ. ಸಂಜೆ ವಾಟ್ಸ್ಯಾಪ್ ಗ್ರೂಪಿಗೆ ಒಂದು ಪಿ.ಡಿ.ಎಫ್. ಹಾಕುತ್ತೇವೆ. ನ್ಯಾಕ್‌ಗೆ ತೋರಿಸುವ ಕಡತದಲ್ಲಿ ಅದಕ್ಕೆ ‘ಬ್ಲೆಂಡೆಡ್ ಲರ್ನಿಂಗ್’ ಎಂಬ ಹೆಸರು ಬೀಳುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಏರ್ಪಾಡನ್ನು ಉಲ್ಟಾ ಮಾಡೋಣ. ವಿಳಾಸ ಎಲ್ಲಿ, ದಿನಾಂಕ ಎಲ್ಲಿ ಎಂಬ ಪಾಠಕ್ಕೆ ಮೇಷ್ಟ್ರು ಎದುರಿಗಿರಬೇಕಾಗಿಲ್ಲ, ಅದನ್ನು ಫೋನಿಗೆ ಕಳಿಸೋಣ. ಮಕ್ಕಳು ಪೆನ್ನು ಹಿಡಿದು ತಡಕಾಡುವ ಹೊತ್ತಿನಲ್ಲಿ ನಾವು ಪಕ್ಕದಲ್ಲಿರಬೇಕು, ಆದ್ದರಿಂದ ಬರವಣಿಗೆಯನ್ನು ತರಗತಿಯೊಳಕ್ಕೆ ತರೋಣ. ನಮ್ಮ ಸುತ್ತಿನ ಆಲೆಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಅರೆಯುವಾಗ ಯಾರಿದ್ದರೂ ನಡೆಯುತ್ತದೆ, ಪಾಕ ಬರುವ ಹೊತ್ತಿಗೆ ಮಾತ್ರ ಗೊತ್ತಿದ್ದವನು ಕೊಪ್ಪರಿಗೆ ಮುಂದೆ ನಿಂತಿರಬೇಕು. ಈಗ ನಾವು ಅರೆಯುವಾಗ ನಿಂತು, ಪಾಕದ ಹೊತ್ತಿಗೆ ಮನೆಗೆ ಹೋಗುತ್ತಿದ್ದೇವೆ.

ಯು.ಜಿ.ಸಿ. 2021ರ ಮೇ ತಿಂಗಳಲ್ಲಿ ಬ್ಲೆಂಡೆಡ್ ಕಲಿಕೆ ಕುರಿತು ಒಂದು ಪರಿಕಲ್ಪನಾ ಟಿಪ್ಪಣಿ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಯಾವುದೇ ವಿಷಯದ ಶೇ. 40ರವರೆಗೆ ಆನ್‌ಲೈನಿನಲ್ಲಿ, ಉಳಿದ ಶೇ. 60 ತರಗತಿಯಲ್ಲಿ ಕಲಿಸಬಹುದು ಎಂಬುದು ಅದರ ಸಾರ. ಅದೇ ಸುಮಾರಿಗೆ ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳಿಗೆ ‘ಕರ್ನಾಟಕ ಎಲ್.ಎಂ.ಎಸ್.’ ಎಂಬ ಆನ್‌ಲೈನ್ ಕಲಿಕಾ ವೇದಿಕೆ ತಂದಿತು, ಮಕ್ಕಳಿಗೆ ಟ್ಯಾಬ್ಲೆಟ್ ಹಂಚಿತು. ಕಾಲೇಜು ಶಿಕ್ಷಣ ಇಲಾಖೆಯ ‘ಜ್ಞಾನನಿಧಿ’ ಯೂಟ್ಯೂಬ್ ಚಾನೆಲ್ಲಿನಲ್ಲಿ ಪಾಠಗಳು ಬಂದವು. 2017ರಿಂದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಇದೆ, ಅದಕ್ಕೂ ಮೊದಲಿನಿಂದ ಐ.ಐ.ಟಿ.ಗಳ ‘ಎನ್.ಪಿ.ಟಿ.ಇ.ಎಲ್.’ ಇದೆ. ಸಾಮಗ್ರಿಗೆ ಬರ ಇಲ್ಲ. ಶೇ. 40 ಎಷ್ಟು, ಶೇ. 60 ಎಷ್ಟು ಎಂದು ಲೆಕ್ಕ ಹಾಕಿದ್ದೇವೆಯೇ ಹೊರತು, ಆ 40ಕ್ಕೆ ಯಾವುದು ಹೋಗಬೇಕು, ಈ 60ಕ್ಕೆ ಯಾವುದು ಉಳಿಯಬೇಕು ಎಂದು ನಾವು ಕೂತು ಮಾತಾಡಿಲ್ಲ. ನನಗೆ ಕಾಡುವ ಪ್ರಶ್ನೆ ಅದು.

ಬ್ಲೆಂಡೆಡ್ ಕಲಿಕೆ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತು. ಆ ಅಂಚೆ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಮ್ಮೂರುಗಳ ಎಷ್ಟೋ ಪ್ರೈಮರಿ ಶಾಲೆ ಮೇಷ್ಟ್ರುಗಳು, ಸೊಸೈಟಿ ಕಾರ್ಯದರ್ಶಿಗಳು, ಮದುವೆಯಾದ ಮೇಲೆ ಓದು ಮುಂದುವರಿಸಿದ ಹೆಣ್ಣುಮಕ್ಕಳು ‘ಕರೆಸ್ಪಾಂಡೆನ್ಸ್’ನಲ್ಲಿ ಡಿಗ್ರಿ ಮಾಡಿದವರು. ಪಾಠ ಅಂಚೆಯಲ್ಲಿ ಮನೆಗೆ ಬರುತ್ತಿತ್ತು, ಸಂಪರ್ಕ ತರಗತಿಗೆ ಮೈಸೂರಿಗೆ ಹೋಗುತ್ತಿದ್ದರು. ಮನೆಯಲ್ಲಿ ಓದಿಕೊಂಡು ಬಂದವರಿಗೆ ಮತ್ತೆ ಅದೇ ಪಾಠ ಓದಿ ಹೇಳುವ ಮೇಷ್ಟ್ರ ತರಗತಿ ಬೇಸರ ತರಿಸುತ್ತಿತ್ತು. ಅನುಮಾನ ಕೇಳಿಸಿಕೊಂಡು, ಉತ್ತರ ಬರೆಸಿ ನೋಡುವ ಮೇಷ್ಟ್ರ ತರಗತಿಗೆ ಮುಂದಿನ ಬೆಂಚೇ ಸಿಗುತ್ತಿರಲಿಲ್ಲ. ಪುಸ್ತಕದ ಜಾಗಕ್ಕೆ ಈಗ ವಿಡಿಯೊ ಬಂದಿದೆ. ತರಗತಿಯ ಸಮಯವನ್ನು ಯಾವುದಕ್ಕೆ ಉಳಿಸಿಕೊಳ್ಳಬೇಕು ಎಂಬ ಮಾತು ಆಗ ಹೇಗಿತ್ತೋ ಈಗಲೂ ಹಾಗೇ ಇದೆ.

ಇನ್ನೊಂದು ವಿಷಯ ನಾವು ಹೆಮ್ಮೆಯಿಂದ ನೆನೆಯಬೇಕಾದದ್ದು. ಕೆಲಸ ಮಾಡಿಸುತ್ತಾ ಭಾಷೆ ಕಲಿಸುವ ವಿಧಾನ ಇವತ್ತು ಜಗತ್ತಿನ ಹಲವು ಕಡೆಯ ಇಂಗ್ಲಿಷ್ ಅಧ್ಯಾಪಕರ ತರಬೇತಿಯಲ್ಲಿ ಬರುತ್ತದೆ. ಅದರ ದೊಡ್ಡ ಪ್ರಯೋಗ ನಡೆದದ್ದು ನಮ್ಮಲ್ಲೇ, 1979ರಿಂದ 1984ರವರೆಗೆ. ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ, ಬೆಂಗಳೂರು ಮತ್ತು ಮದ್ರಾಸು ಕಡೆಯ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ಅದು ನಡೆಯಿತು. ಹೊರದೇಶದವರು ಅದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಪ್ರಭು ಅವರು ವ್ಯಾಕರಣದ ಪಾಠ ಮಾಡಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮುಂದಿಟ್ಟು ಒಂದು ಸಮಸ್ಯೆ ಕೊಡುತ್ತಿದ್ದರು. ಅಂಥದ್ದೇ ಒಂದನ್ನು ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಮಾತಾಡುತ್ತಾ ಬಿಡಿಸುವುದು, ಆಮೇಲೆ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಮನಸ್ಸು ಅರ್ಥದ ಮೇಲಿದ್ದಾಗಲೇ ಭಾಷೆಯ ರೂಪ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕ ಬಂತು. ಆಗ ಫೋನಿರಲಿಲ್ಲ, ಪ್ರೊಜೆಕ್ಟರ್ ಇರಲಿಲ್ಲ, ತರಗತಿಗಳು ನಮ್ಮವಕ್ಕಿಂತ ಬೇರೆಯೇನೂ ಆಗಿರಲಿಲ್ಲ. ದೂರದವರು ಓದಿ ಬಳಸುತ್ತಿರುವ ಈ ವಿಧಾನ ಇಲ್ಲಿನ ಬಿ.ಕಾಂ. ಕೊಠಡಿಗೆ ಇನ್ನೂ ಬಂದಿಲ್ಲ ಎಂಬುದು ನನ್ನನ್ನು ನೋಯಿಸುತ್ತದೆ.

ನಾನು ಬರೆಸುವ ಒಂದು ಪತ್ರದ ಕಥೆ ಹೇಳುತ್ತೇನೆ. ಬೆಂಗಳೂರಿನ ಅಂಗಡಿಯವರೊಬ್ಬರು ನಮ್ಮ ಕಡೆಯ ಆಲೆಮನೆಗೆ ಮೇಲ್ ಮಾಡಿದ್ದಾರೆ ಎಂದುಕೊಳ್ಳಿ. ಐನೂರು ಕೆ.ಜಿ. ಅಚ್ಚು ಬೆಲ್ಲ ಬೇಕು, ಶುಕ್ರವಾರದೊಳಗೆ ಬೇಕು, ರೇಟು ತಿಳಿಸಿ. ಆಲೆಮನೆ ಯಜಮಾನನ ಸ್ಥಿತಿಯನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ. ಕೆ.ಜಿ.ಗೆ 62 ರೂಪಾಯಿಗಿಂತ ಕಡಿಮೆಗೆ ಕೊಡಲು ಗಿಟ್ಟುವುದಿಲ್ಲ, ಶುಕ್ರವಾರದೊಳಗೆ ಮುನ್ನೂರು ಕೆ.ಜಿ. ಮಾತ್ರ ಆಗುತ್ತದೆ, ಉಳಿದದ್ದು ಮುಂದಿನ ಮಂಗಳವಾರ. ಪಾರ್ಟಿ ಹೊಸದು, ಕೈಬಿಟ್ಟು ಹೋಗಬಾರದು. ಈಗ ಯಜಮಾನನ ಪರವಾಗಿ ಉತ್ತರ ಬರೆಯಿರಿ.

ಮೊದಲ ಸಲ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ. ‘ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬವ್ ಸಬ್ಜೆಕ್ಟ್, ಐ ಆಮ್ ವೆರಿ ಹ್ಯಾಪಿ ಟು ಇನ್‌ಫಾರ್ಮ್ ಯು ದಟ್ ಐ ಆಮ್ ರನ್ನಿಂಗ್ ಎ ಜಾಗರಿ ಯೂನಿಟ್…’ ಎಂದು ಹೊರಟು, ಮಂಡ್ಯದ ಬೆಲ್ಲದ ಹಿರಿಮೆ ಹೇಳಿ, ಎಂಟನೇ ಸಾಲಿನಲ್ಲಿ ರೇಟು ಬಂದು, ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮುಗಿಯುತ್ತದೆ. ಶುಕ್ರವಾರದ ಮಾತೇ ಇರುವುದಿಲ್ಲ.

ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. “ಆ ಅಂಗಡಿಯೋರಿಗೆ ಏನ್ ಬೇಕಪ್ಪಾ?”

“ರೇಟ್ ಬೇಕು ಕಣ್ ಸಾ. ಯಾವತ್ತು ಮಾಲು ಬತ್ತದೆ ಅಂತ ಬೇಕು.”

“ನೀನು ಅದನ್ನ ಎಲ್ಲಿ ಹೇಳಿದ್ದೀಯ?”

ಹುಡುಗ ಹಾಳೆ ನೋಡುತ್ತಾನೆ. “ರೇಟ್ ಕೊನೇಲದೆ. ಮಾಲ್ದು ಬಿಟ್ಟೋಗದೆ.”

“ಬರೀ ಮುನ್ನೂರೇ ಆಗೋದು ಅಂತ ಹೆಂಗ್ ಹೇಳ್ತೀಯ? ಅವ್ರು ಬೇರೆ ಕಡೆ ಹೋಗಬಾರ್ದಲ್ಲ.”

ಇಲ್ಲಿ ಇಡೀ ಬೆಂಚು ಮಾತಿಗಿಳಿಯುತ್ತದೆ. ಮೊದಲು ‘ಆಗಲ್ಲ’ ಅನ್ನಬೇಕೋ, ಮೊದಲು ‘ಮುನ್ನೂರು ಆಗುತ್ತೆ’ ಅನ್ನಬೇಕೋ? ಕಾರಣ ಹೇಳಬೇಕೋ ಬೇಡವೋ? ಹಿಂದಿನ ಬೆಂಚಿನ ಹುಡುಗಿ, ಸಂತೆಯಲ್ಲಿ ಅವ್ವನ ಜೊತೆ ತರಕಾರಿ ಮಾರಿ ಅನುಭವ ಇದ್ದವಳು, “ಆಗೋದನ್ನ ಮೊದ್ಲು ಹೇಳ್ಬೇಕು ಸಾ, ಆಗ್ದೇ ಇರೋದನ್ನ ದಿನದ ಜೊತೆ ಸೇರಿಸಿ ಹೇಳ್ಬೇಕು” ಅನ್ನುತ್ತಾಳೆ. ದುಡ್ಡು ಕೊಟ್ಟು ಸೇರುವ ಬಿಸಿನೆಸ್ ಇಂಗ್ಲಿಷ್ ಕೋರ್ಸುಗಳಲ್ಲಿ ಹೇಳಿಕೊಡುವ ಸೂತ್ರವೇ ಇದು. ಇಷ್ಟಾದ ಮೇಲೆ ಬರೆದ ಪತ್ರ ಹೀಗಿರುತ್ತದೆ: ‘ಥ್ಯಾಂಕ್ ಯು ಫಾರ್ ಯುವರ್ ಮೇಲ್. ಅವರ್ ಪ್ರೈಸ್ ಈಸ್ 62 ರುಪೀಸ್ ಎ ಕೆಜಿ. ವಿ ಕ್ಯಾನ್ ಸೆಂಡ್ 300 ಕೆಜಿ ಬೈ ಫ್ರೈಡೇ. ದ ಅದರ್ 200 ಕೆಜಿ ವಿಲ್ ರೀಚ್ ಯು ನೆಕ್ಸ್ಟ್ ಟ್ಯೂಸ್‌ಡೇ.’ ನಾಲ್ಕೇ ವಾಕ್ಯ. ಇದರಲ್ಲಿ ನಮ್ಮ ಮಕ್ಕಳಿಗೆ ಗೊತ್ತಿಲ್ಲದ ಒಂದು ಪದವೂ ಇಲ್ಲ. ಪಿ.ಯು.ಸಿ. ಇಂಗ್ಲಿಷ್ ಸಾಕು. ಅವರಿಗೆ ಇಲ್ಲದಿರುವುದು ಓದುವವನ ಜಾಗದಲ್ಲಿ ಕೂತು ನೋಡುವ ಅಭ್ಯಾಸ. ಆ ಅಭ್ಯಾಸ ವಿಡಿಯೊ ನೋಡಿ ಬರುವುದಿಲ್ಲ, ಹಾಳೆ ಮುಂದೆ ಯಾರಾದರೂ ಕೂತು ಕೇಳಿದಾಗ ಬರುತ್ತದೆ.

ಇಷ್ಟು ಹೊತ್ತು ಕೂತು ಕೇಳಲು ಪೀರಿಯಡ್ ಎಲ್ಲಿಂದ ತರುವುದು ಎಂದು ನೀವು ಕೇಳುತ್ತೀರಿ. ಅದಕ್ಕೇ ಫೋನು ಬೇಕು ಎನ್ನುತ್ತಿರುವುದು. ಉತ್ತರ ಪತ್ರದ ರೂಪ ಹೇಗಿರುತ್ತದೆ, ಸಬ್ಜೆಕ್ಟ್ ಲೈನ್ ಎಂದರೇನು, ‘ಸಿ.ಸಿ.’, ‘ಬಿ.ಸಿ.ಸಿ.’ ಏನು, ಹಿಂದಿನ ಮೇಲ್ ಕೆಳಗೆ ಉಳಿಯಬೇಕೆ ಎಂಬುದನ್ನೆಲ್ಲ ಐದಾರು ನಿಮಿಷದ ಆಡಿಯೊದಲ್ಲೋ ವಿಡಿಯೊದಲ್ಲೋ ಹಿಂದಿನ ದಿನವೇ ಕಳಿಸಿಬಿಟ್ಟರೆ ಬೋರ್ಡಿನ ಮುಂದಿನ ಅರ್ಧ ಗಂಟೆ ಉಳಿಯುತ್ತದೆ. ಸ್ಟುಡಿಯೊ ಬೇಕಿಲ್ಲ. ನಿಮ್ಮದೇ ದನಿಯಲ್ಲಿ, ಕನ್ನಡದಲ್ಲಿ ವಿವರಿಸಿ, ಇಂಗ್ಲಿಷ್ ವಾಕ್ಯಗಳನ್ನು ನಿಧಾನವಾಗಿ ಓದಿ. ಐ.ಐ.ಟಿ. ಪ್ರೊಫೆಸರರ ವಿಡಿಯೊ ಚೆನ್ನಾಗಿರುತ್ತದೆ ನಿಜ, ಆದರೆ ಅದು ಬೇರೆ ಮಕ್ಕಳಿಗಾಗಿ ಮಾಡಿದ್ದು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಎರಡನೇ ನಿಮಿಷಕ್ಕೇ ದಾರಿ ತಪ್ಪುತ್ತದೆ. ತಮ್ಮ ಮೇಷ್ಟ್ರ ದನಿಯಾದರೆ ಎರಡು ಸಲ ಕೇಳುತ್ತಾರೆ.

ವಿಡಿಯೊಗಿಂತ ಆಡಿಯೊ ಮೇಲು ಎನ್ನುವುದಕ್ಕೆ ಕಾರಣ ಇದೆ. ನಮ್ಮ ಮಕ್ಕಳ ದಿನ ಹೇಗಿರುತ್ತದೆ ಎಂದು ನಮಗೇ ಚೆನ್ನಾಗಿ ಗೊತ್ತು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಮದ್ದೂರು–ಮಳವಳ್ಳಿ ರಸ್ತೆಯ ಬಸ್ಸಿಗೆ ಓಡಿ ಬರುತ್ತಾರೆ. ನೂಕುನುಗ್ಗಲಲ್ಲಿ ನಿಂತವರಿಗೆ ವಿಡಿಯೊ ನೋಡಲು ಆಗುವುದಿಲ್ಲ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಲು ಆಗುತ್ತದೆ. ರಾತ್ರಿ ಮನೆಯಲ್ಲಿ ಹೆಣ್ಣುಮಗಳು ಫೋನು ಹಿಡಿದು ಕೂತರೆ ಇಂದಿಗೂ ಪ್ರಶ್ನೆ ಬರುತ್ತದೆ, ಅಣ್ಣತಮ್ಮಂದಿರು ಹಿಡಿದರೆ ಬರುವುದಿಲ್ಲ. ಆನ್‌ಲೈನ್ ಭಾಗವನ್ನು ಸಂಜೆ ಏಳರ ಲೈವ್ ಕ್ಲಾಸಾಗಿ ಮಾಡಿದರೆ ಈ ಮಕ್ಕಳೇ ಮೊದಲು ಹೊರಗುಳಿಯುತ್ತಾರೆ. ಕೊರೋನಾ ಕಾಲದಲ್ಲಿ ಹೀಗೆ ಹೊರಗುಳಿದ ಕೆಲವರು ಮತ್ತೆ ಕಾಲೇಜಿಗೆ ಬರಲೇ ಇಲ್ಲ ಎಂಬುದು ನಮ್ಮೆಲ್ಲರ ಕಣ್ಣ ಮುಂದಿನ ಮಾತು. ಪಾಠ ಅವರವರ ಹೊತ್ತಿಗೆ ಕೇಳಿಕೊಳ್ಳುವ ಹಾಗಿರಬೇಕು, ಡೌನ್‌ಲೋಡಿಗೆ ಡೇಟಾ ಹೆಚ್ಚು ತಿನ್ನಬಾರದು. ಕೇಳದೆ ಬಂದವರಿಗೆ ತರಗತಿಯ ಮೊದಲ ಐದು ನಿಮಿಷ ಪಕ್ಕದವರೇ ಹೇಳಿಕೊಡಲಿ. ಗದರುವುದು ಬೇಡ.

ಚಾಟ್‌ಜಿಪಿಟಿಯ ವಿಷಯಕ್ಕೆ ಬರುತ್ತೇನೆ. ಅದು ಬಂದದ್ದು 2022ರ ನವೆಂಬರ್ ಕೊನೆಗೆ. ಅಲ್ಲಿಂದಾಚೆ ‘ಮನೇಲಿ ಬರ್ಕೊಂಡ್ ಬನ್ನಿ’ ಎಂಬ ಮಾತಿಗೆ ಅರ್ಥ ಉಳಿದಿಲ್ಲ. ಮನೆಯಿಂದ ಬಂದ ಪತ್ರವನ್ನು ಯಾರು ಬರೆದರು ಎಂದು ಪತ್ತೆ ಮಾಡುತ್ತಾ ಕೂರುವುದು ಮೇಷ್ಟ್ರ ಕೆಲಸ ಆಗಬಾರದು, ಮಕ್ಕಳ ಮೇಲಿನ ನಂಬಿಕೆಯೂ ಅದರಲ್ಲಿ ಸವೆಯುತ್ತದೆ. ನಾನು ಅದನ್ನು ತರಗತಿಗೇ ತರುತ್ತೇನೆ. ಮಕ್ಕಳು ಬೆಲ್ಲದ ಪತ್ರವನ್ನು ತಾವೇ ಬರೆದು ಮುಗಿಸಿದ ಮೇಲೆ, ಅದೇ ಪ್ರಶ್ನೆಗೆ ಯಂತ್ರ ಬರೆದ ಪತ್ರವನ್ನು ಗೋಡೆ ಮೇಲೆ ತೋರಿಸಿ ಓದಿಸುತ್ತೇನೆ. ಇಂಗ್ಲಿಷು ಲೀಲಾಜಾಲ. ಆದರೆ ಯಜಮಾನ ಹೇಳದ ‘ಫ್ರೀ ಡೆಲಿವರಿ’ಯನ್ನು ಅದು ಕೊಟ್ಟುಬಿಟ್ಟಿರುತ್ತದೆ, ‘ಪ್ರೀಮಿಯಂ ಆರ್ಗ್ಯಾನಿಕ್’ ಎಂದು ಇಲ್ಲದ್ದನ್ನು ಸೇರಿಸಿರುತ್ತದೆ. “ಸಾ, ಇದ್ ಕಳ್ಸುದ್ರೆ ಯಜಮಾನ್ರು ಮುಳುಗೋಯ್ತಾರೆ” ಎಂದು ಮಕ್ಕಳೇ ಹೇಳುತ್ತಾರೆ. ಮುಂದೆ ಕೆಲಸಕ್ಕೆ ಹೋದಲ್ಲಿ ಅವರು ಆ ಯಂತ್ರವನ್ನು ಬಳಸಿಯೇ ಬಳಸುತ್ತಾರೆ. ಅದರ ಬರಹವನ್ನು ಅನುಮಾನದಿಂದ ಓದುವಷ್ಟು ಬರವಣಿಗೆ ಅವರ ಕೈಗೆ ಮೊದಲೇ ಬಂದಿರಬೇಕು.

ಬರೆಸುವುದಕ್ಕೆ ವಿಷಯ ಎಲ್ಲಿದೆ ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಗೈಡುಗಳಲ್ಲಿ ಇನ್ನೂ ಯಾವುದೋ ಊರಿನ ಪೀಠೋಪಕರಣದ ಅಂಗಡಿಗೆ ಕುರ್ಚಿ ಆರ್ಡರ್ ಮಾಡುವ ಪತ್ರವೇ ಇದೆ. 2021ರಲ್ಲಿ ಎನ್.ಇ.ಪಿ. ಬಂತು, 2024ರಲ್ಲಿ ಅದನ್ನು ಬಿಟ್ಟು ರಾಜ್ಯ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಬಂದೆವು, ಪುಸ್ತಕದ ಹೊದಿಕೆ ಬದಲಾಯಿತು, ಕುರ್ಚಿಯ ಪತ್ರ ಹಾಗೇ ಉಳಿಯಿತು. ಇಲ್ಲಿ ಕಬ್ಬಿದೆ, ಸಕ್ಕರೆ ಕಾರ್ಖಾನೆ ಇದೆ, ಹಾಲಿನ ಡೈರಿ ಇದೆ, ರೇಷ್ಮೆಗೂಡು ಇದೆ. ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ ನೋಡಲು ಬರುವವರು ಯಾವ ತಿಂಗಳು ಬರಬೇಕು, ಊಟಕ್ಕೆ ಏನು ವ್ಯವಸ್ಥೆ ಎಂದು ಕೇಳಿ ಬರೆದರೆ ಊರಿನವರ ಪರವಾಗಿ ಒಂದು ಉತ್ತರ ಬೇಕು. ಇಂಥ ವಿಷಯಕ್ಕೆ ಮಕ್ಕಳಿಗೆ ಹೇಳುವುದಕ್ಕೆ ಮಾತು ತಾನಾಗಿಯೇ ಇರುತ್ತದೆ.

ನನಗೆ ಬಹಳ ಇಷ್ಟದ ಒಂದು ಅಭ್ಯಾಸ ಕಬ್ಬಿನ ಬಾಕಿಯದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸರಬರಾಜಾದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ, ಅವರ ಮನೆಯಲ್ಲೇ ಕಬ್ಬು ಬೆಳೆದಿದ್ದರೂ. 2025–26ರ ಹಂಗಾಮಿಗೆ ಶೇ. 10.25ರ ರಿಕವರಿಗೆ ಕೇಂದ್ರ ನಿಗದಿ ಮಾಡಿದ ಬೆಲೆ (ಎಫ್.ಆರ್.ಪಿ.) ಟನ್ನಿಗೆ 3,550 ರೂಪಾಯಿ. ಒಬ್ಬ ರೈತ 40 ಟನ್ ಹಾಕಿದ್ದಾನೆ ಎಂದುಕೊಳ್ಳಿ, 1,42,000 ರೂಪಾಯಿ ಆಯಿತು. ಗಡುವು ಮುಗಿದು 30 ದಿನವಾದರೂ ಹಣ ಬಂದಿಲ್ಲ. ಬಡ್ಡಿ ಎಷ್ಟು? ಕಾಮರ್ಸ್ ಮಕ್ಕಳು ಕ್ಯಾಲ್ಕುಲೇಟರ್ ತೆಗೆದು 1,750 ರೂಪಾಯಿ ಚಿಲ್ಲರೆ ಎಂದು ಹೇಳುತ್ತಾರೆ. ಈಗ ಒಂದು ಕಾಲ್ಪನಿಕ ಕಾರ್ಖಾನೆಯ ಕಬ್ಬು ವಿಭಾಗಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು: ಎಷ್ಟು ಟನ್, ಯಾವ ದಿನಾಂಕ, ತೂಕದ ಚೀಟಿ ಸಂಖ್ಯೆ, ಯಾವ ನಿಯಮ, ಎಷ್ಟು ಬಾಕಿ, ಯಾವ ದಿನದೊಳಗೆ. ಬೈಯಬಾರದು, ಕಾಲು ಹಿಡಿಯಲೂಬಾರದು. ಅರ್ಧ ತರಗತಿಯ ಪತ್ರ ಮೊದಲು ಕಾಲು ಹಿಡಿಯುತ್ತದೆ, ಉಳಿದರ್ಧ ಬೈಯುತ್ತದೆ. ಲೆಕ್ಕವನ್ನೂ ನಿಯಮವನ್ನೂ ಮುಂದಿಟ್ಟು, ಗೌರವ ಬಿಡದೆ, ನೆಟ್ಟಗೆ ನಿಂತು ಕೇಳುವ ದನಿ ಎರಡನೇ ಕರಡಿನಲ್ಲೋ ಮೂರನೆಯದರಲ್ಲೋ ಬರುತ್ತದೆ. ಬಿಸಿನೆಸ್ ಇಂಗ್ಲಿಷ್ ಎಂದರೆ ದೊಡ್ಡ ಕಂಪನಿಯ ಕೆಲಸಕ್ಕೆ ಮಾತ್ರ ಎಂದುಕೊಂಡಿದ್ದ ಮಕ್ಕಳಿಗೆ ಅಪ್ಪನ ಬಾಕಿ ಕೇಳುವುದಕ್ಕೂ ಅದು ಆಗುತ್ತದೆ ಎಂದು ಕಂಡಾಗ ಅವರು ಬರೆಯುವ ರೀತಿಯೇ ಬೇರೆಯಾಗುತ್ತದೆ.

ತರಗತಿಯಲ್ಲಿ ಕನ್ನಡ ಬಳಸಲು ಹಿಂಜರಿಯುವ ಗೆಳೆಯರಿಗೆ ಒಂದು ಮಾತು. ಬಿ.ಎಂ.ಶ್ರೀ. ನಾಗಮಂಗಲದ ಬೆಳ್ಳೂರಿನಲ್ಲಿ ಬೆಳೆದವರು, ಎ.ಎನ್. ಮೂರ್ತಿರಾಯರು ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳಿನವರು. ಇಬ್ಬರೂ ಇಂಗ್ಲಿಷ್ ಪ್ರಾಧ್ಯಾಪಕರು, ಇಬ್ಬರೂ ಕನ್ನಡಕ್ಕೆ ಮಾಡಿದ ಕೆಲಸ ನಿಮಗೆ ಗೊತ್ತು. ಈ ಜಿಲ್ಲೆಯ ಇಂಗ್ಲಿಷ್ ಮೇಷ್ಟ್ರು ಕನ್ನಡದಲ್ಲಿ ಯೋಚಿಸಲು ನಾಚಬೇಕಾಗಿಲ್ಲ. ವಿಷಯ ಏನು, ಯಾರಿಗೆ ಹೇಳುತ್ತಿದ್ದೇವೆ, ಮೊದಲು ಯಾವುದು ಬರಬೇಕು ಎಂಬ ಚರ್ಚೆ ಕನ್ನಡದಲ್ಲೇ ನಡೆಯಲಿ. ವಾಕ್ಯ ಕಟ್ಟುವುದು ಇಂಗ್ಲಿಷಿನಲ್ಲಿ ಆಗಲಿ. ಚರ್ಚೆಯನ್ನೂ ಇಂಗ್ಲಿಷಿನಲ್ಲೇ ಮಾಡಿ ಎಂದು ಹಟ ಹಿಡಿದರೆ ಬಾಯಿ ಕಟ್ಟುತ್ತದೆ, ಬಾಯಿ ಕಟ್ಟಿದ ಮೇಲೆ ಕೈಯೂ ಓಡುವುದಿಲ್ಲ.

ಇನ್ನು ತಿದ್ದುವ ಹೊರೆ. ಎಪ್ಪತ್ತು ಮಕ್ಕಳ ತರಗತಿ, ಅಂಥವು ಮೂರು ಇದ್ದರೆ ವಾರಕ್ಕೆ ಇನ್ನೂರಕ್ಕೂ ಹೆಚ್ಚು ಪತ್ರ. ಯಾವ ಮನುಷ್ಯನಿಂದಲೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಎಲ್ಲ ತಪ್ಪಿಗೂ ಕೆಂಪು ಗೆರೆ ಎಳೆದ ಹಾಳೆಯನ್ನು ಮಕ್ಕಳು ಮಡಚಿ ಬ್ಯಾಗಿನ ತಳಕ್ಕೆ ಹಾಕುತ್ತಾರೆ, ಓದುವುದಿಲ್ಲ. ಒಂದು ವಾರ ಒಂದೋ ಎರಡೋ ಅಂಶ ಮಾತ್ರ ನೋಡೋಣ. ಈ ವಾರ ‘ಕೇಳಿದ್ದಕ್ಕೆ ಮೊದಲ ಎರಡು ಸಾಲಿನಲ್ಲಿ ಉತ್ತರ ಇದೆಯೇ’ ಎಂಬುದಷ್ಟೇ. ಮುಂದಿನ ವಾರ ಕ್ರಿಯಾಪದದ ಕಾಲ. ನಾಲ್ಕು ನಾಲ್ಕು ಜನರ ಗುಂಪಿನಲ್ಲಿ ಒಬ್ಬರದ್ದನ್ನು ಒಬ್ಬರು ಓದಲಿ. ಹೆಸರು ಮುಚ್ಚಿ ಒಂದು ಪತ್ರವನ್ನು ಬೋರ್ಡಿನ ಮೇಲೆ ಎಲ್ಲರೂ ಸೇರಿ ತಿದ್ದಲಿ. ಮೇಷ್ಟ್ರು ವಾರಕ್ಕೆ ಒಂದು ಸಾಲಿನ ಬೆಂಚಿನವರ ಪತ್ರ ಮಾತ್ರ ಮನೆಗೆ ಒಯ್ದು, ಒಬ್ಬೊಬ್ಬರಿಗೂ ಅರ್ಧ ನಿಮಿಷದ ವಾಯ್ಸ್ ನೋಟ್ ಕಳಿಸಲಿ, ಕನ್ನಡದಲ್ಲೇ. ಬರೆದು ತಿದ್ದುವುದಕ್ಕಿಂತ ಬೇಗ ಆಗುತ್ತದೆ. ತನ್ನ ಹೆಸರು ಹಿಡಿದು ಮೇಷ್ಟ್ರು ಮಾತಾಡಿದ್ದನ್ನು ಮಕ್ಕಳು ಅಳಿಸುವುದಿಲ್ಲ.

ಪ್ರಾಂಶುಪಾಲರು, ಆಡಳಿತ ಮಂಡಳಿಯವರು ಈ ಪತ್ರ ಓದುತ್ತಿದ್ದರೆ ಅವರಿಗೂ ಒಂದು ಮಾತು ಸೇರಿಸುತ್ತೇನೆ. ಆನ್‌ಲೈನ್ ಶೇ. 40 ಎಂದರೆ ಮೇಷ್ಟ್ರು ಶೇ. 40 ಕಡಿಮೆ ಎಂಬ ಲೆಕ್ಕ ಯಾರ ತಲೆಗೂ ಬರಬಾರದು. ನಾನು ಹೇಳುವ ಕ್ರಮದಲ್ಲಿ ಮೇಷ್ಟ್ರ ಕೆಲಸ ಹೆಚ್ಚುತ್ತದೆ, ತರಗತಿಯಲ್ಲಿ ಅವರ ಅಗತ್ಯವೂ ಹೆಚ್ಚುತ್ತದೆ. ಆಡಿಯೊ ತಯಾರಿಸುವ, ಪತ್ರ ಓದುವ ಸಮಯವನ್ನು ಕಾರ್ಯಭಾರದಲ್ಲಿ ಸೇರಿಸಬೇಕು. ಪೀರಿಯಡ್ ಲೆಕ್ಕದಲ್ಲಿ ಸಂಬಳ ಪಡೆಯುವ ಅತಿಥಿ ಉಪನ್ಯಾಸಕರಿಂದ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಸಿಕೊಂಡರೆ ಅದು ಅನ್ಯಾಯ. ಸಾಧ್ಯವಿದ್ದ ಕಡೆ ಒಂದರ ಹಿಂದೆ ಒಂದು ಬರುವ ಎರಡು ಪೀರಿಯಡ್ ಬರವಣಿಗೆಗೆ ಕೊಡಿ. ಐವತ್ತು ನಿಮಿಷದಲ್ಲಿ ಹಾಜರಿ ಕೂಗಿ, ಬರೆದು, ಓದಿ, ತಿದ್ದುವುದು ಆಗುವ ಮಾತಲ್ಲ. ಆಂತರಿಕ ಅಂಕಗಳನ್ನು ಮನೆಯಿಂದ ಬರೆದು ತಂದ ಅಸೈನ್‌ಮೆಂಟಿಗೆ ಕೊಡುವುದನ್ನು ನಿಲ್ಲಿಸಿ, ತರಗತಿಯಲ್ಲಿ ಬರೆದ ಕರಡುಗಳಿಗೆ ಕೊಡೋಣ. ಮೊದಲ ಕರಡು, ತಿದ್ದಿದ ಕರಡು ಎರಡನ್ನೂ ಒಟ್ಟಿಗೆ ಇಟ್ಟರೆ ಮಗು ಎಷ್ಟು ಮುಂದೆ ಬಂದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಜಿ. ಮಾದೇಗೌಡರು ಇದೇ ಭಾರತೀನಗರದಲ್ಲಿ ಭಾರತಿ ವಿದ್ಯಾಸಂಸ್ಥೆ ಕಟ್ಟಿದ್ದರಿಂದ, ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಕಾಲೇಜುಗಳನ್ನು ಕಟ್ಟಿದ್ದರಿಂದ ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುವ ಮಕ್ಕಳು ಇವತ್ತು ನಮ್ಮ ಮುಂದೆ ಕೂತಿದ್ದಾರೆ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಕೋಚಿಂಗ್ ಸೇರುವ ಶಕ್ತಿ ಇವರಲ್ಲಿ ಹೆಚ್ಚಿನವರಿಗಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವುದನ್ನು ಇವರಿಗೆ ನಾವು ಕಲಿಸದಿದ್ದರೆ ಬೇರೆ ಯಾರೂ ಕಲಿಸುವುದಿಲ್ಲ.

ಆದ್ದರಿಂದ ಒಂದು ಕೋರಿಕೆ. ಮುಂದಿನ ಸೆಮಿಸ್ಟರ್ ಶುರುವಾಗುವ ಮುಂಚೆ ಒಂದು ಭಾನುವಾರ ಭಾರತೀನಗರದಲ್ಲಿ ಸೇರೋಣ. ಮದ್ದೂರಿನವರಿಗೂ ಮಳವಳ್ಳಿಯವರಿಗೂ ಇದು ನಡುದಾರಿ. ಭಾಷಣ, ಹಾರ, ಸರ್ಟಿಫಿಕೇಟ್ ಯಾವುದೂ ಬೇಡ. ಬರುವಾಗ ನಿಮ್ಮ ಮಕ್ಕಳು ಬರೆದ, ನೀವಿನ್ನೂ ತಿದ್ದಿಲ್ಲದ ಐದಾರು ಪತ್ರಗಳನ್ನು ಹೆಸರು ಮುಚ್ಚಿ ತನ್ನಿ. ನಿಮ್ಮೂರಿನ ವ್ಯವಹಾರದಿಂದ ಎತ್ತಿಕೊಂಡ ಒಂದು ಬರವಣಿಗೆಯ ಸಮಸ್ಯೆ ತನ್ನಿ: ಡೈರಿಯದ್ದಾಗಲಿ, ರೇಷ್ಮೆಯದ್ದಾಗಲಿ, ಗಾರ್ಮೆಂಟ್ಸಿನದ್ದಾಗಲಿ. ಒಬ್ಬೊಬ್ಬರು ಎರಡೆರಡು ಆಡಿಯೊ ಪಾಠ ಹಂಚಿಕೊಂಡರೆ ಇಡೀ ಸೆಮಿಸ್ಟರಿಗಾಗುವಷ್ಟು ಪಾಠ ಎಲ್ಲ ಕಾಲೇಜಿಗೂ ಸಿಗುತ್ತದೆ. ಕಾಮರ್ಸ್ ವಿಭಾಗದ ಗೆಳೆಯರನ್ನೂ ಕರೆತನ್ನಿ. ಇನ್‌ವಾಯ್ಸು, ಜಿ.ಎಸ್.ಟಿ. ನೋಟೀಸು, ಬ್ಯಾಂಕಿನ ಪತ್ರ ಇವುಗಳ ವಿಷಯದಲ್ಲಿ ಅವರಿಂದ ನಾವು ಕಲಿಯುವುದಿದೆ. ಈಗಷ್ಟೇ ಕೆಲಸಕ್ಕೆ ಸೇರಿ ಮೇಲ್ ಬರೆಯಲು ಫೋನ್ ಮಾಡುತ್ತಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಿದ್ದರೆ ಅವರನ್ನೂ ಕರೆಯಿರಿ. ಎಲ್ಲಿ ಕೈ ಕಟ್ಟುತ್ತದೆ ಎಂದು ಅವರೇ ಹೇಳಲಿ, ನಾವು ಬರೆದುಕೊಳ್ಳೋಣ.

ಇಂತಿ ನಿಮ್ಮ ಜೊತೆಗಾರ,
ಒಬ್ಬ ಇಂಗ್ಲಿಷ್ ಅಧ್ಯಾಪಕ
ಭಾರತೀನಗರ